ಒಬ್ಬರಿಗಾಗಿ ಒಂದು ಶುಭಾಶಯ ಪತ್ರ

ಹಬ್ಬದ ದಿನ ಬೆಳಗಾಗುವುದೇ ತಡ, ಶುಭಾಶಯಗಳ ಮಳೆ ಸುರಿಯತೊಡಗುತ್ತದೆ. ಅಂಗೈಯಗಲದ ಫೋನಿನಲ್ಲಿ ಹಣತೆಗಳು ಬೆಳಗುತ್ತವೆ, ಮಾವಿನ ತೋರಣಗಳು ತೂಗಾಡುತ್ತವೆ, ಬಂಗಾರದ ಬಣ್ಣದ ಅಕ್ಷರಗಳು ಮಿನುಗುತ್ತವೆ. ಒಂದೇ ಚಿತ್ರ ಬೀಗರಿಂದಲೂ ಕಚೇರಿಯ ಮಿತ್ರರಿಂದಲೂ ಹಾಲಿನ ಅಂಗಡಿಯವರಿಂದಲೂ ಬರುವುದುಂಟು. ಬಂದುದನ್ನು ಬಂದಂತೆಯೇ ಇನ್ನು ಹತ್ತು ಜನರಿಗೆ ಸಾಗಿಸಿದರೆ ಹಬ್ಬದ ಒಂದು ಕರ್ತವ್ಯ ಮುಗಿಯಿತು. ಇದರಲ್ಲಿ ಯಾರ ಮನಸ್ಸಿನಲ್ಲಿಯೂ ಕೆಡುಕಿಲ್ಲ, ನಿಜ. ಆದರೆ ಅಷ್ಟು ಜನರ ನಡುವೆ ಯಾರು ಯಾರನ್ನು ನೆನೆದರು ಎಂಬುದೊಂದು ಮಾತ್ರ ತಿಳಿಯದೆಯೇ ಉಳಿಯುತ್ತದೆ.

ಇಂತಹ ಕಾಲದಲ್ಲಿ ಕೈಯಿಂದಲೇ ಶುಭಾಶಯ ಪತ್ರಗಳನ್ನು ತಯಾರಿಸುವ ಹವ್ಯಾಸವು ಅನೇಕ ಮನೆಗಳಲ್ಲಿ ಬೇರೂರಿದೆ ಎಂದರೆ ಆಶ್ಚರ್ಯವೆನಿಸಬಹುದು. ಚಿತ್ತಾರದ ಕಾಗದವನ್ನು ಕತ್ತರಿಸಿ, ದಪ್ಪ ಹಾಳೆಯ ಮೇಲೆ ಅಂಟಿಸಿ, ಅದರ ಮೇಲೊಂದು ಅಚ್ಚನ್ನು ಒತ್ತಿ, ಒಳಗೆ ನಾಲ್ಕು ಸಾಲು ಬರೆದರೆ ಪತ್ರ ಸಿದ್ಧ. ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಸುಮ್ಮನೆ ಕೂರಿಸುವ ಉಪಾಯವೆಂದು ಇದನ್ನು ಹಗುರವಾಗಿ ಕಾಣುವವರೂ ಇದ್ದಾರೆ. ಆದರೆ ಅಂಗಡಿಯ ಪತ್ರದಿಂದ ಆಗದ ಒಂದು ಕೆಲಸ ಈ ಕೈಪತ್ರದಿಂದ ಆಗುತ್ತದೆ. ಅದು ಯಾವುದೆಂಬುದನ್ನು ತಿಳಿಯಬೇಕಾದರೆ ಅಂಗಡಿಯ ಪತ್ರ ಹುಟ್ಟಿದ ಬಗೆಯನ್ನು ಮೊದಲು ನೋಡಬೇಕು.

ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ವ್ಯವಸ್ಥೆ ಜಾರಿಗೆ ಬಂದಿತು. ದೇಶದ ಯಾವ ಮೂಲೆಗಾದರೂ ಅಲ್ಪ ಖರ್ಚಿನಲ್ಲಿ ಕಾಗದ ಹೋಗುವಂತಾಯಿತು. ಕಾಗದಗಳ ಸಂಖ್ಯೆಯೂ ಬೆಳೆಯಿತು. ಈ ಸುಧಾರಣೆಗಾಗಿ ದುಡಿದವರಲ್ಲಿ ಹೆನ್ರಿ ಕೋಲ್ ಒಬ್ಬನು. ಮುಂದೆ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವಾಗಿ ಬೆಳೆದ ಸಂಸ್ಥೆಯ ಮೊದಲ ನಿರ್ದೇಶಕನೂ ಇವನೇ. ಕ್ರಿಸ್‌ಮಸ್ ಸಮಯದಲ್ಲಿ ಬರುವ ಕಾಗದಗಳಿಗೆಲ್ಲ ಒಂದೊಂದಾಗಿ ಉತ್ತರ ಬರೆಯಲು ಈ ಉದ್ಯೋಗಿಗೆ ಪುರಸೊತ್ತಿರಲಿಲ್ಲ. ಆದ್ದರಿಂದ 1843ರಲ್ಲಿ ಜಾನ್ ಕಾಲ್‌ಕಾಟ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರವನ್ನು ಬರೆಸಿ, ಅದರ ಸುಮಾರು ಒಂದು ಸಾವಿರ ಪ್ರತಿಗಳನ್ನು ಮುದ್ರಿಸಿದನು. ಯಾರಿಗೆ, ಯಾರಿಂದ ಎಂಬುದನ್ನು ತುಂಬಿಸಲು ಜಾಗ ಬಿಟ್ಟಿತ್ತು. ಶುಭ ಕೋರುವ ಮಾತು ಮೊದಲೇ ಅಚ್ಚಾಗಿತ್ತು. ತನ್ನ ಉಪಯೋಗಕ್ಕೆ ಮಿಕ್ಕಿದ್ದವು ತಲಾ ಒಂದು ಶಿಲ್ಲಿಂಗಿಗೆ ಮಾರಾಟವಾದವು. ಚಿತ್ರದ ನಡುವೆ ಕುಟುಂಬವೊಂದು ಮದ್ಯದ ಬಟ್ಟಲನ್ನೆತ್ತಿ ಹಾರೈಸುತ್ತಿದ್ದುದೂ, ಮಗುವಿನ ತುಟಿಗೂ ಬಟ್ಟಲು ಮುಟ್ಟಿದ್ದುದೂ ಪಾನನಿರೋಧಿಗಳ ಕೋಪಕ್ಕೆ ಕಾರಣವಾಯಿತೆಂಬುದು ಬೇರೆಯ ಮಾತು.

ಇಲ್ಲಿ ಗಮನಿಸಬೇಕಾದ ಸಂಗತಿ ಇಷ್ಟೆ: ಅಚ್ಚಾದ ಶುಭಾಶಯ ಪತ್ರ ಹುಟ್ಟಿದ್ದು ಬರೆಯಲು ಸಮಯವಿಲ್ಲದವನ ಮೇಜಿನ ಮೇಲೆ. ಸಾವಿರ ಜನರಿಗೆ ಒಂದೇ ಮಾತು ಸಾಲುವಂತೆ ಮಾಡುವುದೇ ಅದರ ಉದ್ದೇಶ. ಭಾರತದ ತಂತಿ ಕಚೇರಿಗಳಲ್ಲಿ ಹಬ್ಬಕ್ಕೂ ಮದುವೆಗೂ ಸಿದ್ಧವಾಕ್ಯಗಳ ಪಟ್ಟಿಯೊಂದಿದ್ದು, ಕಳುಹಿಸುವವರು ವಾಕ್ಯದ ಬದಲು ಅದರ ಸಂಖ್ಯೆಯನ್ನು ಮಾತ್ರ ಬರೆದುಕೊಡುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. 2013ರ ಜುಲೈ ತಿಂಗಳಲ್ಲಿ ತಂತಿ ಸೇವೆಯೇ ನಿಂತುಹೋಯಿತು. ಆದರೆ ಸಂಖ್ಯೆಯಿಂದ ಹಾರೈಸುವ ಆ ಕ್ರಮ ಬೇರೆ ವೇಷದಲ್ಲಿ ಇಂದು ಎಲ್ಲರ ಕೈಯಲ್ಲಿಯೂ ಇದೆ.

ಕೈಯಿಂದ ಮಾಡಿದ ಪತ್ರದ ಕಥೆ ಅಟ್ಲಾಂಟಿಕ್ ಸಾಗರದ ಆಚೆಯ ದಡದಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವುಸ್ಟರ್ ನಗರದಲ್ಲಿ ಸಿಗುತ್ತದೆ. ಅಲ್ಲಿ ಎಸ್ತರ್ ಹೌಲ್ಯಾಂಡ್ ಎಂಬ ತರುಣಿಯಿದ್ದಳು. ಜನನ 1828. ತಂದೆಗೆ ಪುಸ್ತಕ, ಕಾಗದಗಳ ಅಂಗಡಿಯಿತ್ತು. 1847ರಲ್ಲಿ ಈಕೆ ಮೌಂಟ್ ಹೋಲಿಯೋಕ್ ವಿದ್ಯಾಲಯದಲ್ಲಿ ಓದು ಮುಗಿಸಿದಳು. ಆ ಸುಮಾರಿಗೆ ಇಂಗ್ಲೆಂಡಿನಿಂದ ಬಂದ ಪ್ರೇಮಪತ್ರವೊಂದು ಆಕೆಯ ಕೈಸೇರಿತು. ಫೆಬ್ರವರಿ 14ರ ವ್ಯಾಲೆಂಟೈನ್ ದಿನದಂದು ಕಳುಹಿಸುವ, ಜಾಲರಿ ಕಾಗದದ ಅಂಚಿನ, ಹೂಗಳನ್ನು ಕತ್ತರಿಸಿ ಅಂಟಿಸಿದ ಪತ್ರವದು. ಇದನ್ನು ತಾನೂ ಮಾಡಬಲ್ಲೆನೆಂದು ಅವಳಿಗೆ ತೋರಿತು. ತಂದೆ ಜಾಲರಿ ಕಾಗದವನ್ನೂ ಬಣ್ಣದ ಚಿತ್ರಗಳನ್ನೂ ತರಿಸಿಕೊಟ್ಟನು. ಹನ್ನೆರಡು ಮಾದರಿಗಳು ಸಿದ್ಧವಾದವು. ಅಂಗಡಿಯ ಮಾರಾಟಕ್ಕಾಗಿ ಊರೂರು ತಿರುಗುತ್ತಿದ್ದ ಸೋದರನು ಅವನ್ನೂ ಜೊತೆಯಲ್ಲಿ ಕೊಂಡೊಯ್ದನು. ಇನ್ನೂರು ಡಾಲರುಗಳಷ್ಟು ಬೇಡಿಕೆ ಬಂದರೆ ಸಾಕೆಂದು ಅವಳು ನಿರೀಕ್ಷಿಸಿದ್ದರೆ, ಅವನು ಐದು ಸಾವಿರ ಡಾಲರುಗಳ ಬೇಡಿಕೆಯನ್ನು ಹೊತ್ತು ತಂದನೆಂದು ಆಕೆಯ ಚರಿತ್ರೆ ಬರೆದವರು ಹೇಳುತ್ತಾರೆ.

ಒಬ್ಬಳಿಂದ ಆಗುವ ಕೆಲಸ ಅದಲ್ಲ. ಗೆಳತಿಯರನ್ನು ಕರೆದಳು, ಮನೆಯ ಮೇಲಂತಸ್ತಿನಲ್ಲಿ ಉದ್ದನೆಯ ಮೇಜನ್ನು ಹಾಕಿಸಿದಳು. ಒಬ್ಬಳು ಚಿತ್ರಗಳನ್ನು ಕತ್ತರಿಸುವಳು, ಇನ್ನೊಬ್ಬಳು ಹಿನ್ನೆಲೆಯ ಕಾಗದ ಜೋಡಿಸುವಳು, ಮತ್ತೊಬ್ಬಳು ಅಂಟಿಸುವಳು. ಬಿಳಿಯ ಜಾಲರಿಯ ಕೆಳಗೆ ಬಣ್ಣದ ಕಾಗದದ ತುಣುಕನ್ನಿಟ್ಟು ಜಾಲರಿಯ ಕುಸುರಿ ಎದ್ದು ಕಾಣುವಂತೆ ಮಾಡಿದುದೂ, ಮಡಿಸಿದ ಕಾಗದದ ಪಟ್ಟಿಗಳ ಮೇಲೆ ಚಿತ್ರವನ್ನು ನಿಲ್ಲಿಸಿ ಅದು ಮೇಲೆದ್ದಂತೆ ತೋರುವ ಉಪಾಯವೂ ಆಕೆಯ ಪತ್ರಗಳ ವಿಶೇಷ. 1866ರಲ್ಲಿ ಮೊಣಕಾಲಿಗೆ ಪೆಟ್ಟಾಗಿ ಗಾಲಿಕುರ್ಚಿ ಸೇರಿದ ಮೇಲೆಯೂ ಕೆಲಸ ನಿಲ್ಲಲಿಲ್ಲ. ಇಂದಿಗೂ ಈ ಹವ್ಯಾಸದವರು ಮಾಡುವುದು ಇದನ್ನೇ: ಚಿತ್ತಾರದ ಕಾಗದದ ಮೇಲೆ ಕಾಗದ, ಅದರ ಮೇಲೊಂದು ಚಿತ್ರ.

ಹೌಲ್ಯಾಂಡಳ ವ್ಯಾಪಾರದಲ್ಲಿ ಸ್ವಾರಸ್ಯದ ಘಟ್ಟವೊಂದಿದೆ. ಪತ್ರ ಮೆಚ್ಚಿಗೆಯಾದರೂ ಒಳಗಿನ ಪದ್ಯ ಹಿಡಿಸದ ಗಿರಾಕಿಗಳಿದ್ದರು. ಅವರಿಗಾಗಿ ಆಕೆ 1879ರಲ್ಲಿ 131 ಪದ್ಯಗಳ ಒಂದು ಪುಸ್ತಕವನ್ನೇ ಹೊರಡಿಸಿದಳು. ಬೇಕಾದ ಪದ್ಯವನ್ನು ಆರಿಸಿ, ಹಳೆಯದರ ಮೇಲೆ ಅಂಟಿಸಿಕೊಳ್ಳಬಹುದಿತ್ತು. ಅಂದರೆ, ಎಷ್ಟೇ ಅಂದವಾದ ಪತ್ರವಾದರೂ ತನ್ನವರಿಗೆ ಹೇಳಬೇಕಾದ ಮಾತು ಅದರಲ್ಲಿಲ್ಲವೆಂಬ ಕೊರತೆ ಕೊಳ್ಳುವವರಿಗೆ ಅಂದೇ ಕಂಡಿತ್ತು. ಕೆಲವು ದಿನಗಳಲ್ಲಿ ಕಾಯಿಲೆಯ ತಂದೆಯ ಶುಶ್ರೂಷೆಗಾಗಿ ಆಕೆ ಉದ್ಯಮವನ್ನು ಮಾರಿದಳು, 1904ರಲ್ಲಿ ತೀರಿಕೊಂಡಳು. ಸಾವಿರಾರು ಪ್ರೇಮಪತ್ರಗಳನ್ನು ಜೋಡಿಸಿದ ಆಕೆ ಕಡೆಯವರೆಗೂ ಅವಿವಾಹಿತೆಯಾಗಿಯೇ ಇದ್ದಳು.

ಈಗ ಮನೆಯ ಮೇಜಿನ ಮೇಲಿನ ಕೆಲಸಕ್ಕೆ ಬರೋಣವಾಗಲಿ. ಮೊದಲು ಕಾಗದ. ಪತ್ರದ ಒಡಲಿಗೆ ಚದರ ಮೀಟರಿಗೆ 200ರಿಂದ 250 ಗ್ರಾಂ ತೂಗುವ ಹಾಳೆ ಒಪ್ಪುತ್ತದೆ. ಅದಕ್ಕಿಂತ ತೆಳುವಾದುದು ನೆಟ್ಟಗೆ ನಿಲ್ಲದು. ಕಚೇರಿಗಳಲ್ಲಿ ಬಳಸುವ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದದ ಹಾಳೆಯನ್ನು ಅಡ್ಡಕ್ಕೆ ಎರಡಾಗಿ ಕತ್ತರಿಸಿ, ಪ್ರತಿಯೊಂದನ್ನೂ ನಡುವೆ ಮಡಿಸಿದರೆ, 105 ಮಿಲಿಮೀಟರ್ ಅಗಲ, 148 ಮಿಲಿಮೀಟರ್ ಎತ್ತರದ ಎರಡು ಪತ್ರಗಳಾಗುತ್ತವೆ. ಈ ಅಳತೆಯ ಪತ್ರ 114ಕ್ಕೆ 162 ಮಿಲಿಮೀಟರ್ ಲಕೋಟೆಯಲ್ಲಿ ಸುಲಭವಾಗಿ ಕೂರುತ್ತದೆ. ಪತ್ರ ಮಾಡಿದ ಮೇಲೆ ಲಕೋಟೆಗಾಗಿ ಅಂಗಡಿ ಅಂಗಡಿ ಅಲೆಯುವುದಕ್ಕಿಂತ ಲಕೋಟೆಯ ಅಳತೆಯನ್ನು ಮೊದಲು ತಿಳಿದುಕೊಳ್ಳುವುದು ಜಾಣತನ.

ಕಾಗದಕ್ಕೂ ಎಳೆಯ ದಿಕ್ಕೊಂದಿದೆ. ಯಂತ್ರದಲ್ಲಿ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಸಾಲುಗೊಳ್ಳುತ್ತವೆ. ಹಾಳೆಯನ್ನು ಎರಡೂ ದಿಕ್ಕಿನಲ್ಲಿ ಮೆಲ್ಲನೆ ಬಾಗಿಸಿ ನೋಡಿದರೆ ಒಂದು ಕಡೆಗೆ ಸುಲಭವಾಗಿ ಬಳುಕುತ್ತದೆ, ಇನ್ನೊಂದು ಕಡೆಗೆ ಬಿಗಿಯುತ್ತದೆ. ಸುಲಭವಾಗಿ ಬಳುಕುವ ಕಡೆಗೇ ಮಡಿಸಬೇಕು. ಎಳೆಗೆ ಅಡ್ಡವಾಗಿ ಮಡಿಸಿದರೆ ಮಡಿಕೆ ಬಿರಿದು ಒರಟಾಗುತ್ತದೆ. ಮಡಿಸುವ ಮುನ್ನ ಅಡಿಕೋಲನ್ನಿಟ್ಟು, ಬರೆಯದ ಬಾಲ್‌ಪೆನ್ನಿನ ಮೊನೆಯಿಂದ ಒಮ್ಮೆ ಗೀರಿ, ಮಡಿಸಿದ ಬಳಿಕ ಚಮಚದ ಹಿಂಬದಿಯಿಂದ ತೀಡಿದರೆ ಅಂಗಡಿಯ ಪತ್ರಕ್ಕೂ ಸರಿಸಮನಾದ ಅಂಚು ಬರುತ್ತದೆ.

ಚಿತ್ತಾರದ ಕಾಗದದ ವಿಷಯದಲ್ಲಿ ಕನ್ನಡ ನಾಡಿಗೆ ಹೆಮ್ಮೆಯ ಪರಂಪರೆಯೊಂದಿದೆ. ನೀರಿನ ಮೇಲೆ ಬಣ್ಣಗಳನ್ನು ತೇಲಿಸಿ, ಕಡ್ಡಿಯಿಂದ ಕದಡಿ, ಆ ಅಲೆಗಳ ಮೇಲೆ ಹಾಳೆಯನ್ನು ಹಾಸಿ ಎತ್ತಿದರೆ ಅಮೃತಶಿಲೆಯ ನರಗಳಂತಹ ಚಿತ್ತಾರ ಮೂಡುತ್ತದೆ. ಪರ್ಷಿಯನ್ನರು ಇದನ್ನು ಮೋಡದ ಕಾಗದವೆಂಬ ಅರ್ಥದಲ್ಲಿ ಅಬ್ರಿ ಎಂದು ಕರೆದರು. ಆದಿಲಶಾಹಿಗಳ ಬಿಜಾಪುರದ ಚಿತ್ರಕಾರರು 17ನೆಯ ಶತಮಾನದಲ್ಲಿ ಈ ಕಲೆಯನ್ನು ಬಹಳ ಎತ್ತರಕ್ಕೆ ಒಯ್ದರು. ಹಾಳೆಯ ಉಳಿದ ಭಾಗವನ್ನು ಬಣ್ಣ ತಾಗದಂತೆ ಮರೆಮಾಡಿ, ಬೇಕಾದ ಆಕಾರದೊಳಗೆ ಮಾತ್ರ ಈ ಅಲೆಗಳು ಮೂಡುವಂತೆ ಅವರು ಮಾಡುತ್ತಿದ್ದರು. ಬಡಕಲು ಕುದುರೆಯೊಂದರ ಮೈಯೆಲ್ಲ ಇಂತಹ ಅಲೆಗಳಿಂದಲೇ ತುಂಬಿರುವ ಬಿಜಾಪುರದ ಚಿತ್ರವೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಪುದುಚೇರಿಯಲ್ಲಿ ಶ್ರೀ ಅರವಿಂದಾಶ್ರಮದವರು 1959ರಲ್ಲಿ ಆರಂಭಿಸಿದ ಕೈಕಾಗದದ ಕಾರ್ಖಾನೆಯು ಹತ್ತಿಯ ಚಿಂದಿಯಿಂದ ಮಾಡಿದ ಕಾಗದಕ್ಕೂ, ಇಂತಹ ಅಲೆಗಳ ಚಿತ್ತಾರಕ್ಕೂ ಹೆಸರಾದುದು.

ಹಾಗೆಂದು ದುಬಾರಿ ಕಾಗದವನ್ನೇ ಕೊಳ್ಳಬೇಕೆಂದಿಲ್ಲ. ಹಳೆಯ ಲಗ್ನಪತ್ರಿಕೆಗಳು, ಉಡುಗೊರೆ ಸುತ್ತಿ ಬಂದ ಕಾಗದ, ಕಳೆದ ವರ್ಷದ ಕ್ಯಾಲೆಂಡರು, ಸೀರೆಯಂಗಡಿಯ ಚೀಲ – ಇವೆಲ್ಲ ಕಣ್ಣಿದ್ದವರಿಗೆ ಚಿತ್ತಾರದ ಭಂಡಾರಗಳೇ. ಆರಿಸುವಾಗ ಒಂದು ಸೂತ್ರ ಸಾಕು: ಪತ್ರ ಚಿಕ್ಕದು, ಆದ್ದರಿಂದ ಚಿತ್ತಾರವೂ ಚಿಕ್ಕದಾಗಿರಬೇಕು. ಅಂಗೈಯಗಲದ ಹೂವಿನ ಕಾಗದವನ್ನು ಕತ್ತರಿಸಿದರೆ ಅರ್ಧ ದಳ ಮಾತ್ರ ಉಳಿದೀತು. ಮೇಲೆ ಹೇಳಿದ ಅಳತೆಯ ಪತ್ರಕ್ಕೆ 95ಕ್ಕೆ 138 ಮಿಲಿಮೀಟರ್ ತುಂಡನ್ನು ಕತ್ತರಿಸಿ ನಡುವೆ ಅಂಟಿಸಿದರೆ ಸುತ್ತಲೂ ಐದು ಮಿಲಿಮೀಟರ್ ಬಿಳಿಯ ಅಂಚು ಉಳಿದು, ಸೀರೆಗೆ ಅಂಚಿದ್ದಂತೆ ಶೋಭಿಸುತ್ತದೆ. ಮೈದಾ ಅಂಟನ್ನು ನೀರಾಗಿಸದೆ ತೆಳುವಾಗಿ ಸವರಬೇಕು. ನೀರು ಹೆಚ್ಚಾದರೆ ಕಾಗದ ಸುಕ್ಕುಗಟ್ಟುತ್ತದೆ. ಅಂಟಿಸಿದ ಮೇಲೆ ಭಾರವಾದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಟ್ಟರೆ ಪತ್ರ ಬಾಗುವುದಿಲ್ಲ.

ಅಚ್ಚುಗಳಿಗೆ ಅಡುಗೆಮನೆಯೇ ಮೊದಲ ಶಾಲೆ. ಬೆಂಡೆಕಾಯಿಯನ್ನು ಅಡ್ಡಲಾಗಿ ಕತ್ತರಿಸಿ, ಲೋಳೆಯನ್ನು ಒರೆಸಿ, ಬಣ್ಣಕ್ಕೊತ್ತಿ ಕಾಗದದ ಮೇಲಿಟ್ಟರೆ ಸಾಮಾನ್ಯವಾಗಿ ಐದೆಸಳಿನ ಹೂವೊಂದು ಮೂಡುತ್ತದೆ. ಈರುಳ್ಳಿ ಉಂಗುರಗಳನ್ನು ಕೊಡುತ್ತದೆ, ಹಾಗಲಕಾಯಿ ಒರಟು ಅಂಚಿನ ಚಕ್ರವನ್ನು ಕೊಡುತ್ತದೆ. ತನ್ನಿಚ್ಛೆಯ ಆಕಾರ ಬೇಕಾದವರು ಆಲೂಗಡ್ಡೆಯನ್ನು ಉದ್ದನೆಯ ಚಾಕುವಿನಿಂದ ಒಂದೇ ಏಟಿಗೆ ಎರಡಾಗಿಸಿ, ಕತ್ತರಿಸಿದ ಮುಖವನ್ನು ಬಟ್ಟೆಯ ಮೇಲೆ ಕವುಚಿಟ್ಟು ನೀರನ್ನು ಹೀರಿಸಬೇಕು. ಬಳಿಕ ಬೇಕಾದ ಆಕಾರವನ್ನುಳಿಸಿ ಸುತ್ತಲಿನದನ್ನು ಅರ್ಧ ಸೆಂಟಿಮೀಟರಿನಷ್ಟು ಆಳಕ್ಕೆ ಕೊರೆಯಬೇಕು. ನೀರನ್ನು ಹೀರಿಸದಿದ್ದರೆ ಬಣ್ಣ ಹರಡುತ್ತದೆ. ಈ ಅಚ್ಚು ಒಂದು ದಿನಕ್ಕಿಂತ ಹೆಚ್ಚು ಬಾಳದಾದ್ದರಿಂದ ಅಂದಿನ ಪತ್ರಗಳನ್ನು ಅಂದೇ ಮುಗಿಸಬೇಕು. ಮಕ್ಕಳ ಕೈಗೆ ಚಾಕುವಿನ ಬದಲು ಬಣ್ಣದ ಕುಂಚವನ್ನು ಕೊಡುವುದು ಕ್ಷೇಮ.

ಹೆಚ್ಚು ಕಾಲ ಉಳಿಯುವ ಅಚ್ಚು ಬೇಕಾದರೆ ಪೆನ್ಸಿಲ್ ಅಳಿಸುವ ರಬ್ಬರು ಉತ್ತಮ. ಅದರಲ್ಲಿ ಕನ್ನಡದ ಅಕ್ಷರಗಳನ್ನೂ ಕೊರೆಯಬಹುದು. ಆದರೆ ಕನ್ನಡಿಯೊಳಗಿನ ಬಿಂಬದಂತೆ ತಿರುಗುಮುರುಗಾಗಿ ಕೊರೆದರೆ ಮಾತ್ರ ಕಾಗದದ ಮೇಲೆ ಸರಿಯಾಗಿ ಮೂಡುತ್ತದೆ. ಇದಕ್ಕೊಂದು ಸುಲಭೋಪಾಯವಿದೆ. ತೆಳುಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಅಕ್ಷರವನ್ನು ನೇರವಾಗಿಯೇ ಬರೆದು, ಆ ಮುಖವನ್ನು ರಬ್ಬರಿನ ಮೇಲೆ ಕವುಚಿ, ಉಗುರಿನಿಂದ ಉಜ್ಜಬೇಕು. ಪೆನ್ಸಿಲಿನ ಕಪ್ಪು ತಾನಾಗಿಯೇ ತಿರುಗಿ ರಬ್ಬರಿಗೆ ಇಳಿಯುತ್ತದೆ. ಕಪ್ಪು ಉಳಿದಿರುವಂತೆ ಬಿಳಿಯನ್ನು ಕೊರೆದರಾಯಿತು. ಅಚ್ಚೊತ್ತುವಾಗ ನೇರವಾಗಿ ಇಳಿಸಿ, ಒತ್ತಿ, ನೇರವಾಗಿಯೇ ಎತ್ತಬೇಕು. ತೂಗಾಡಿಸಿದರೆ ಅಂಚು ಮಸಕಾಗುತ್ತದೆ. ಒಮ್ಮೆ ಮಸಿ ಹಚ್ಚಿ ಮೂರು ಸಲ ಒತ್ತಿದರೆ ಎರಡನೆಯದು, ಮೂರನೆಯದು ಕ್ರಮವಾಗಿ ತಿಳಿಯಾಗುತ್ತವೆ. ಅದು ದೋಷವಲ್ಲ, ಹತ್ತಿರದ ಎಲೆ, ದೂರದ ಎಲೆ ಎಂಬ ಭಾವವನ್ನು ತರಲು ಅದನ್ನೇ ಬಳಸಿಕೊಳ್ಳಬಹುದು.

ಪೇಟೆಯಲ್ಲಿ ಸಿದ್ಧವಾದ ರಬ್ಬರ್ ಅಚ್ಚುಗಳೂ ಪಾರದರ್ಶಕ ಅಚ್ಚುಗಳೂ ಚಿತ್ತಾರದ ಕಾಗದದ ಕಟ್ಟುಗಳೂ ಬೇಕಾದಷ್ಟು ದೊರೆಯುತ್ತವೆ. ಅವನ್ನು ಕೊಳ್ಳಬಾರದೆಂದಲ್ಲ. ಆದರೆ ಈ ಹವ್ಯಾಸದಲ್ಲಿ ಒಂದು ಹಳ್ಳವಿದೆ. ಸಾಮಗ್ರಿಗಳನ್ನು ಕೂಡಿಡುವುದೇ ಹವ್ಯಾಸವಾಗಿ, ಕಪಾಟು ತುಂಬಿ, ಅಂಚೆಗೆ ಒಂದು ಪತ್ರವೂ ಬೀಳದಿರುವುದು ಅಪರೂಪವೇನಲ್ಲ. ಮೊದಲು ಕಾಗದ, ಆಮೇಲೆ ಅಚ್ಚು, ಕಡೆಗೆ ಯಾರಿಗೆಂಬ ಯೋಚನೆ – ಈ ಕ್ರಮದಿಂದಲೇ ಹಾಗಾಗುವುದು. ಕ್ರಮವನ್ನು ತಿರುಗಿಸಿ, ಮೊದಲು ಒಬ್ಬರ ಹೆಸರನ್ನು ಬರೆದುಕೊಂಡು ಕುಳಿತರೆ ಕಾಗದದ ಬಣ್ಣವೂ ಅಚ್ಚಿನ ಆಕಾರವೂ ತಾವಾಗಿ ಗೊತ್ತಾಗುತ್ತವೆ. ನಿವೃತ್ತರಾದ ಗಣಿತದ ಮೇಷ್ಟರಿಗೆ ಚೌಕುಳಿಯ ಕಾಗದ. ಪರ ಊರಿನಲ್ಲಿ ಮೊದಲ ಹಬ್ಬ ಮಾಡುವ ಮಗಳಿಗೆ ತವರಿನ ಅಂಗಳದ ಎಳೆ ರಂಗೋಲಿಯ ಅಚ್ಚು. ಕಣ್ಣು ಮಂಜಾದ ದೊಡ್ಡಮ್ಮನಿಗೆ ಬೆರಳಿಗೆ ಸಿಗುವಂತಹ ಉಬ್ಬುತಗ್ಗಿನ ಕಾಗದ, ದಪ್ಪ ಅಕ್ಷರ.

ಇಲ್ಲಿಯೇ ಕೈಪತ್ರದ ನಿಜವಾದ ಉಪಯೋಗ ಕಾಣುವುದು. ಪ್ರತಿ ಬಡಾವಣೆಯಲ್ಲಿಯೂ ಆ ವರ್ಷ ಹಬ್ಬವಿಲ್ಲದ ಮನೆಯೊಂದಾದರೂ ಇರುತ್ತದೆ. ಮನೆಯ ಹಿರಿಯರೋ, ಬಾಳಬೇಕಾದ ಕಿರಿಯರೋ ತೀರಿಕೊಂಡು ವರ್ಷ ತುಂಬಿರುವುದಿಲ್ಲ. ಆ ಮನೆಗೆ ದೀಪಾವಳಿಯ ಶುಭಾಶಯವನ್ನು ಯಾರೂ ಕಳುಹಿಸುವುದಿಲ್ಲ, ಕಳುಹಿಸಲೂಬಾರದು. ಸಂಭ್ರಮದ ಮಾತು ಅಲ್ಲಿ ಸಲ್ಲದೆಂಬ ಮರ್ಯಾದೆಯಿಂದ ಎಲ್ಲರೂ ಸುಮ್ಮನಿರುತ್ತಾರೆ. ಪರಿಣಾಮವಾಗಿ, ಒಂದು ಒಳ್ಳೆಯ ಮಾತು ಅತ್ಯಂತ ಅಗತ್ಯವಾದ ದಿನದಂದೇ ಆ ಮನೆಗೆ ಯಾವ ಮಾತೂ ಬರುವುದಿಲ್ಲ. ಅಂಗಡಿಯಲ್ಲಿ ಹುಡುಕಿದರೆ ಈ ಮನೆಗೆ ತಕ್ಕ ಪತ್ರ ಸಿಕ್ಕದು. ಅಲ್ಲಿರುವುದು ಹಬ್ಬದ ಪತ್ರ, ಇಲ್ಲವೆ ಸಂತಾಪದ ಪತ್ರ. ಸಾವಿನ ಸುದ್ದಿ ಹಳತಾಗಿ, ಸಂಭ್ರಮ ಇನ್ನೂ ದೂರವಿರುವ ನಡುವಿನ ದಿನಗಳಿಗೆ ಅಚ್ಚಾದ ಮಾತಿಲ್ಲ.

ಈ ತೊಡಕನ್ನು ಜಪಾನೀಯರು ಕ್ರಮಬದ್ಧವಾಗಿ ಬಿಡಿಸಿಕೊಂಡಿದ್ದಾರೆ. ಅಲ್ಲಿ ಹೊಸ ವರ್ಷದ ಅಂಚೆಕಾರ್ಡುಗಳನ್ನು ಬರೆಯುವ ವಾಡಿಕೆಯಿದ್ದು, ಡಿಸೆಂಬರಿನಲ್ಲಿ ಅಂಚೆಗೆ ಹಾಕಿದವುಗಳನ್ನು ಕೂಡಿಟ್ಟು ಜನವರಿ 1ರಂದು ಮನೆಮನೆಗೆ ಹಂಚುತ್ತಾರೆ. ಈಚಿನ ವರ್ಷಗಳಲ್ಲಿ ಅವುಗಳ ಸಂಖ್ಯೆ ಬಹಳ ಇಳಿದಿದೆಯಾದರೂ ವಾಡಿಕೆ ಅಳಿದಿಲ್ಲ. ಆಲೂಗಡ್ಡೆಯ ಅಚ್ಚಿನಿಂದ ಇವನ್ನು ಅಲಂಕರಿಸುವುದು ಅಲ್ಲಿಯೂ ಹಳೆಯ ಹವ್ಯಾಸ. ಅದಕ್ಕೆ ಇಮೋಬಾನ್ ಎಂಬ ಹೆಸರೇ ಇದೆ. ಸಾವು ಸಂಭವಿಸಿದ ಮನೆಯವರು ಈ ವರ್ಷ ತಾವು ಶುಭಾಶಯ ಕಳುಹಿಸುವುದಿಲ್ಲವೆಂದು ಹೊಸ ವರ್ಷಕ್ಕೆ ಮೊದಲೇ ಬಂಧುಮಿತ್ರರಿಗೆ ಬರೆದು ತಿಳಿಸುತ್ತಾರೆ. ಇವರು ಅಲ್ಲಿಗೇ ಬಿಡುವುದಿಲ್ಲ. ಹೊಸ ವರ್ಷದ ಸಡಗರ ಮುಗಿದ ಮೇಲೆ, ಚಳಿಗಾಲ ಕಠಿಣವಾಗಿರುವಾಗ, ಕ್ಷೇಮವೇ ಎಂದು ವಿಚಾರಿಸುವ ಬೇರೊಂದು ಪತ್ರವನ್ನು ಆ ಮನೆಗೆ ಬರೆಯುತ್ತಾರೆ. ಅದರಲ್ಲಿ ಅಭಿನಂದನೆಯ ಮಾತಿರುವುದಿಲ್ಲ. ಚಳಿಯ ಮಾತಿರುತ್ತದೆ, ಆರೋಗ್ಯದ ಮಾತಿರುತ್ತದೆ. ಅಷ್ಟರಿಂದಲೇ ಆ ಮನೆ ಲೋಕದಿಂದ ಹೊರಗುಳಿಯದಂತಾಗುತ್ತದೆ.

ಕನ್ನಡದ ಮನೆಗಳಲ್ಲಿ ಇಂತಹ ಪತ್ರದ ಕಟ್ಟಲೆಯಿಲ್ಲ. ಆದರೆ ಕೈಯಿಂದ ಪತ್ರ ಮಾಡಬಲ್ಲವರಿಗೆ ಕಟ್ಟಲೆಯ ಅಗತ್ಯವೂ ಇಲ್ಲ. ಜರಿ, ಬಂಗಾರದ ಬಣ್ಣ, ಹಣತೆಯ ಚಿತ್ರ ಬೇಡ. ಕೋರಾ ಬಣ್ಣದ ಕೈಕಾಗದವನ್ನು ಮಡಿಸಿ, ಮೂಲೆಯಲ್ಲಿ ತೆಳುಹಸುರಿನ ಒಂದು ಎಲೆಯನ್ನು ಮಾತ್ರ ಒತ್ತಿದರೆ ಸಾಕು. ಒಳಗೆ ಶುಭಾಶಯವೆಂಬ ಪದವೂ ಬೇಡ, ಕಾಲವೇ ಎಲ್ಲವನ್ನೂ ಮರೆಸುತ್ತದೆ ಎಂಬ ಉಪದೇಶವೂ ಬೇಡ. ಹೋದವರ ಬಗ್ಗೆ ನೆನಪಿನಲ್ಲಿರುವ ಒಂದು ಸಣ್ಣ ಸಂಗತಿ ಸಾಕು: ಹಬ್ಬದ ದಿನ ಅವರ ಹೋಳಿಗೆಯ ಡಬ್ಬಿ ಕಾಂಪೌಂಡಿನ ಗೋಡೆಯ ಮೇಲಿನಿಂದ ಬರುತ್ತಿದ್ದುದು, ಪಟಾಕಿಗೆ ಹೆದರಿದ ಪಕ್ಕದ ಮನೆಯ ಮಗುವನ್ನು ಅವರು ತೊಡೆಯ ಮೇಲೆ ಕೂರಿಸಿಕೊಂಡಿದ್ದುದು. ಅದನ್ನು ಎರಡು ವಾಕ್ಯಗಳಲ್ಲಿ ಬರೆದು, ಬಿಡುವಾದಾಗ ಬಂದು ಹೋಗುವೆವೆಂದು ಸೇರಿಸಬಹುದು. ಬರೆದ ಮೇಲೆ ಹೋಗಲೂ ಬೇಕು.

ಆದುದರಿಂದ ಪತ್ರ ಮಾಡುವವರು ಅಲಂಕಾರವನ್ನು ಹೊರಮೈಗೆ ಮೀಸಲಿಟ್ಟು, ಒಳಮೈಯನ್ನು ಪೂರ್ತಿಯಾಗಿ ಬರವಣಿಗೆಗೆ ಬಿಡುವುದು ಲೇಸು. ಮಾತನ್ನು ಮೊದಲು ಬೇರೆ ಕಾಗದದ ಮೇಲೆ ಬರೆದು ನೋಡಿಕೊಂಡರೆ ಎಷ್ಟು ಜಾಗ ಬೇಕೆಂಬುದು ತಿಳಿಯುತ್ತದೆ. ಕೈಬರಹ ಅಂದವಿಲ್ಲವೆಂಬ ಸಂಕೋಚ ಬೇಡ. ತಮ್ಮವರ ಕೈಬರಹ ಡೊಂಕಾದರೂ ಅದನ್ನು ಕಂಡೊಡನೆ ಗುರುತಿಸುವ ಸಂತೋಷ ಎಲ್ಲರಿಗೂ ಪರಿಚಿತವೇ. ಅಂಚೆಯಲ್ಲಿ ಹೋಗುವ ಪತ್ರದ ಮೇಲೆ ಮಣಿ, ಗುಂಡಿಗಳಂತಹ ಉಬ್ಬು ವಸ್ತುಗಳನ್ನು ಅಂಟಿಸದಿರುವುದು ಮೇಲು. ಅಂಚೆಯ ಮುದ್ರೆ ಬೀಳುವಾಗ ಲಕೋಟೆ ಹರಿದೀತು. ತೂಕವನ್ನು ಅಂಚೆ ಕಚೇರಿಯಲ್ಲಿಯೇ ನೋಡಿಸಿ ಅಂಚೆಚೀಟಿ ಹಚ್ಚಿದರೆ, ಪಡೆದವರು ದಂಡ ತೆರುವ ಪ್ರಸಂಗ ಬಾರದು.

ಒಂದು ಸಂಜೆಯಲ್ಲಿ ಇಂತಹ ಮೂರು ಅಥವಾ ನಾಲ್ಕು ಪತ್ರಗಳು ಮುಗಿದಾವು. ನೂರು ಜನರಿಗೆ ಇದು ಸಾಲದೆಂಬುದು ನಿಜ. ಆ ನೂರು ಜನರಿಗೆ ಫೋನಿದೆ. ಮುಂದಿನ ಹಬ್ಬಕ್ಕೆ ಮೂರು ವಾರಗಳಿರುವಾಗ ಮನೆಯವರೆಲ್ಲ ಕುಳಿತು ಮೂರು ಹೆಸರುಗಳನ್ನು ಆರಿಸಲಿ. ಆ ಮೂರರಲ್ಲಿ ಒಂದು, ಈ ವರ್ಷ ಹಬ್ಬವಿಲ್ಲದ ಮನೆಯ ಹೆಸರಾಗಿರಲಿ.